ಕೌನ್ಸೆಲರ್ ಹತ್ತಿರ ಕಳಿಸ್ತೀವಿ ಅಂದರೆ ಹೆದರಬೇಕಾ?

ಪ್ರಶ್ನೆ: ನಮ್ಮದು ಶ್ರೀರಂಗಪಟ್ಟಣ ತಾಲ್ಲೂಕಿನ ಹಳ್ಳಿ. ಮಗ ಏಳನೇ ತರಗತಿವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದ. ಎಂಟನೇ ತರಗತಿಗೆ ಮೈಸೂರಿನ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದೆವು, ಬಸ್ಸಿನಲ್ಲಿ ಹೋಗಿಬರುತ್ತಾನೆ. ಈಗ ಒಂಬತ್ತನೇ ತರಗತಿ. ಎರಡು ತಿಂಗಳಿಂದ ಸೋಮವಾರ, ಗುರುವಾರ ಬೆಳಿಗ್ಗೆ ಹೊಟ್ಟೆನೋವು ಅಂತಾನೆ. ಡಾಕ್ಟರು ನೋಡಿ ಏನೂ ಇಲ್ಲ ಅಂದರು. ಅಂಕ ಇಳಿದಿದೆ, ಮಾತೂ ಕಡಿಮೆಯಾಗಿದೆ. ಮೊನ್ನೆ ಡೈರಿಯಲ್ಲಿ ‘ಶಾಲೆಯ ಕೌನ್ಸೆಲರ್ ಜೊತೆ ಮಾತಾಡಿಸುತ್ತೇವೆ, ಒಪ್ಪಿಗೆ ಇದ್ದರೆ ಸಹಿ ಮಾಡಿ’ ಎಂದು ಬರೆದು ಕಳಿಸಿದ್ದಾರೆ. ನಮ್ಮ ಯಜಮಾನರು ‘ನನ್ನ ಮಗನಿಗೇನು ತಲೆ ಕೆಟ್ಟಿದೆಯಾ?’ ಎಂದು ಸಿಟ್ಟಾಗಿದ್ದಾರೆ. ಅಲ್ಲಿ ಏನು ಮಾಡುತ್ತಾರೆ? ಇದು ಟಿ.ಸಿ.ಯಲ್ಲಿ ಬರುತ್ತದೆಯೆ? ಸಹಿ ಹಾಕಬಹುದೆ?

ಉತ್ತರ: ಹಾಕಿ. ಟಿ.ಸಿ. ವಿಷಯ ಮೊದಲು ಮುಗಿಸಿಬಿಡೋಣ. ಅದರಲ್ಲಿರುವುದು ಹೆಸರು, ಹುಟ್ಟಿದ ತಾರೀಖು, ತರಗತಿ, ಹಾಜರಾತಿ, ನಡತೆ ಇಂಥ ವಿವರ. ಕೌನ್ಸೆಲಿಂಗ್‌ಗೆ ಅಂತ ಒಂದು ಅಂಕಣವೇ ಇಲ್ಲ. ಅಂಕಪಟ್ಟಿಯಲ್ಲೂ ಇಲ್ಲ. ಕೌನ್ಸೆಲರ್ ತಮ್ಮ ಟಿಪ್ಪಣಿಯನ್ನು ಬೇರೆ ಫೈಲಿನಲ್ಲಿ, ಬೀಗ ಹಾಕಿದ ಕಪಾಟಿನಲ್ಲಿ ಇಡಬೇಕು. ಅದು ಸ್ಟಾಫ್ ರೂಮಿನ ಮೇಜಿನ ಮೇಲೆ ಬಿದ್ದಿರುವ ಕಾಗದವಲ್ಲ. ನಿಮ್ಮ ಮಗನ ಶಾಲೆಯಲ್ಲಿ ಟಿಪ್ಪಣಿ ಯಾರ ಕೈಯಲ್ಲಿರುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ.

ಎರಡನೆಯದು, ‘ಏನೂ ಇಲ್ಲ’ ಎಂದು ಡಾಕ್ಟರು ಹೇಳಿದ್ದರ ಅರ್ಥ ಹುಡುಗ ನಾಟಕ ಆಡುತ್ತಿದ್ದಾನೆ ಅಂತ ಅಲ್ಲ. ಭಯವಾದಾಗ ಕರುಳಿನ ಚಲನೆಯೇ ಏರುಪೇರಾಗುತ್ತದೆ, ನೋವು ನಿಜವಾಗಿಯೂ ಬರುತ್ತದೆ. ಪರೀಕ್ಷೆ ದಿನ ಬೆಳಿಗ್ಗೆ ಮೂರು ಸಲ ಪಾಯಿಖಾನೆಗೆ ಓಡಿದವರಿಗೆಲ್ಲ ಇದು ಗೊತ್ತು. ಒಂದು ಎಚ್ಚರಿಕೆ ಮಾತ್ರ ಇರಲಿ: ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ನೋವು, ಜ್ವರ, ಪದೇ ಪದೇ ವಾಂತಿ, ಮಲದಲ್ಲಿ ರಕ್ತ, ತೂಕ ಇಳಿಯುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಮತ್ತೆ ಡಾಕ್ಟರ ಹತ್ತಿರವೇ ಹೋಗಬೇಕು, ಕೌನ್ಸೆಲರ್ ಆಮೇಲೆ.

ನಿಮ್ಮ ಪತ್ರದಲ್ಲಿ ಬಹಳ ಮುಖ್ಯವಾದ ಮಾತು ‘ಸೋಮವಾರ, ಗುರುವಾರ’. ಕಾಯಿಲೆಗೆ ವಾರದ ಲೆಕ್ಕ ಇರುವುದಿಲ್ಲ, ಟೈಮ್‌ಟೇಬಲ್ಲಿಗೆ ಇರುತ್ತದೆ. ಅನುಭವ ಇರುವ ಕೌನ್ಸೆಲರ್ ಹಿಡಿಯುವುದೂ ಇದೇ ಎಳೆಯನ್ನು.

ಮೊದಲ ಭೇಟಿ ಸಾಮಾನ್ಯವಾಗಿ ಒಂದು ಪೀರಿಯಡ್, ಅಂದರೆ 35–40 ನಿಮಿಷ. ಬಾಗಿಲು ಮುಚ್ಚಿರುತ್ತದೆ, ಆದರೆ ಹೊರಗಿನಿಂದ ಕಾಣುವಂತೆ ಗಾಜೋ ಕಿಟಕಿಯೋ ಇರಬೇಕು. ಇದು ಇಬ್ಬರ ಸುರಕ್ಷತೆಗೂ ಒಳ್ಳೆಯದು. ‘ನೀನು ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ. ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದ್ದರೆ, ಯಾರಾದರೂ ನಿನಗೆ ತೊಂದರೆ ಕೊಡುತ್ತಿದ್ದರೆ, ಆಗ ಮಾತ್ರ ನಾನು ದೊಡ್ಡವರಿಗೆ ಹೇಳಲೇಬೇಕು’ ಎಂಬ ಮಾತಿನಿಂದ ಶುರುಮಾಡುತ್ತಾರೆ. ಆಮೇಲೆ ನೇರವಾಗಿ ‘ಏನಪ್ಪಾ ನಿನ್ನ ಸಮಸ್ಯೆ?’ ಎಂದು ಕೇಳುವುದಿಲ್ಲ. ಕೇಳಿದರೆ ಹದಿನಾಲ್ಕು ವರ್ಷದ ಹುಡುಗನಿಂದ ಬರುವ ಉತ್ತರ ಒಂದೇ, ‘ಏನಿಲ್ಲ ಮಿಸ್’. ಬದಲಿಗೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು ನಡೆಯುತ್ತದೆ ಅಂತ ಕೇಳುತ್ತಾರೆ. ಎಷ್ಟು ಹೊತ್ತಿಗೆ ಎದ್ದೆ, ಏನು ತಿಂದೆ, ಬಸ್ಸಿನಲ್ಲಿ ಸೀಟು ಸಿಗುತ್ತಾ, ಪಕ್ಕದಲ್ಲಿ ಯಾರು ಕೂರುತ್ತಾರೆ, ಶಾಲೆಯಲ್ಲಿ ಊಟದ ಡಬ್ಬಿ ಯಾರ ಜೊತೆ ತೆಗೆಯುತ್ತೀಯ, ಟಾಯ್ಲೆಟ್ಟಿಗೆ ಹೋಗುತ್ತೀಯಾ. ಕೊನೆಯ ಪ್ರಶ್ನೆ ನಗು ತರಿಸಬಹುದು. ಆದರೆ ದೊಡ್ಡ ಹುಡುಗರು ಅಲ್ಲಿ ನಿಂತು ರೇಗಿಸುತ್ತಾರೆ ಅಂತ ಹೆದರಿ ಇಡೀ ದಿನ ನೀರೇ ಕುಡಿಯದೆ ಇರುವ ಮಕ್ಕಳಿದ್ದಾರೆ. ಅಂಥವರಿಗೂ ಹೊಟ್ಟೆನೋವೇ ಬರುವುದು.

ಎರಡನೇ ಭೇಟಿಯ ಹೊತ್ತಿಗೆ ವಾರದ ಟೈಮ್‌ಟೇಬಲ್ಲಿನ ಪ್ರತಿಯನ್ನು ಮುಂದಿಟ್ಟು, ಒಂದೊಂದು ಪೀರಿಯಡ್ಡಿಗೂ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿಸುತ್ತಾರೆ. ಸೊನ್ನೆ ಎಂದರೆ ನಿರಾಳ, ಹತ್ತು ಎಂದರೆ ‘ಓಡಿಹೋಗೋಣ ಅನ್ನಿಸುತ್ತೆ’. ಬಾಯಿಬಿಟ್ಟು ಹೇಳಲಾಗದ್ದನ್ನು ಮಕ್ಕಳು ಪೆನ್ಸಿಲ್ಲಿನಲ್ಲಿ ಬರೆದುಬಿಡುತ್ತಾರೆ. ಇಡೀ ಹಾಳೆಯಲ್ಲಿ ಎರಡು, ಮೂರು, ನಾಲ್ಕು ಇದ್ದು, ಸೋಮವಾರದ ಮೂರನೇ ಪೀರಿಯಡ್ಡಿಗೂ ಗುರುವಾರದ ಎರಡನೇ ಪೀರಿಯಡ್ಡಿಗೂ ಒಂಬತ್ತು ಬಿದ್ದಿದ್ದರೆ ಅರ್ಧ ಕೆಲಸ ಆದಂತೆ. ಆ ಪೀರಿಯಡ್ಡಿನಲ್ಲಿ ಏನು ನಡೆಯುತ್ತದೆ? ಪಾಠವನ್ನು ಎದ್ದು ನಿಂತು ಗಟ್ಟಿಯಾಗಿ ಓದಿಸುತ್ತಾರೆಯೆ? ಬೋರ್ಡಿನ ಹತ್ತಿರ ಕರೆದು ಲೆಕ್ಕ ಮಾಡಿಸುತ್ತಾರೆಯೆ? ಟೀಚರ್ ಯಾವ ಹೆಸರಿಟ್ಟು ಕರೆಯುತ್ತಾರೆ? ಇಲ್ಲವೆ, ಆ ದಿನಗಳಲ್ಲಿ ಮಾತ್ರ ಪಿ.ಟಿ. ಇದ್ದು, ಬಟ್ಟೆ ಬದಲಿಸುವಾಗ ಯಾರೋ ಛೇಡಿಸುತ್ತಾರೆಯೆ?

ಇಂಥ ಪೀರಿಯಡ್ಡು ಓದಿಸುವ ಪೀರಿಯಡ್ಡೇ ಆಗಿದ್ದರೆ ಮುಂದಿನ ಪರೀಕ್ಷೆ ತುಂಬಾ ಸರಳ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಲ್ಲಿ ಇದನ್ನು ಮಾಡದೆ ‘ಓದಿನಲ್ಲಿ ಹಿಂದೆ’ ಎಂದು ಷರಾ ಬರೆಯುವುದು ದೊಡ್ಡ ತಪ್ಪು. ಕೌನ್ಸೆಲರ್ ವಿಜ್ಞಾನದ ಒಂದು ಪುಟವನ್ನು ಇಂಗ್ಲಿಷ್ ಪುಸ್ತಕದಿಂದ ಓದಿಸಬೇಕು. ಅದೇ ಮಟ್ಟದ ಇನ್ನೊಂದು ಪುಟವನ್ನು ಕನ್ನಡ ಪುಸ್ತಕದಿಂದ ಓದಿಸಬೇಕು. ಮೂರನೆಯದನ್ನು ತಾವೇ ಕನ್ನಡದಲ್ಲಿ ಬಾಯಲ್ಲಿ ವಿವರಿಸಿ ಐದು ಪ್ರಶ್ನೆ ಕೇಳಬೇಕು. ಕನ್ನಡ ಸಲೀಸಾಗಿ ಓದಿ ಇಂಗ್ಲಿಷಿನಲ್ಲಿ ಮಾತ್ರ ತಡವರಿಸಿದರೆ ಅದು ಭಾಷೆಯ ತೊಡಕು. ಎರಡರಲ್ಲೂ ಅಕ್ಷರ ಅಕ್ಷರ ಕೂಡಿಸಿ ಓದಿ, ಒತ್ತಕ್ಷರ ಬಿಟ್ಟು, ಆದರೆ ಬಾಯಲ್ಲಿ ಕೇಳಿದ್ದಕ್ಕೆ ಪಟಪಟ ಉತ್ತರ ಕೊಟ್ಟರೆ ಕಲಿಕಾ ನ್ಯೂನತೆ (ಬುದ್ಧಿ ಚುರುಕಾಗಿದ್ದರೂ ಓದು, ಬರಹ, ಲೆಕ್ಕ ಇಂಥವು ಮಾತ್ರ ಕೈಗೆ ಹತ್ತದಿರುವುದು) ಇರಬಹುದು. ಮೂರೂ ಚೆನ್ನಾಗಿದ್ದು ತರಗತಿಯಲ್ಲಿ ಮಾತ್ರ ಬಾಯಿ ಕಟ್ಟಿದರೆ ಅದು ಭಯ. ಮೂರಕ್ಕೂ ದಾರಿ ಬೇರೆ ಬೇರೆ. ಇದಕ್ಕೆ ಮೊದಲು ಕಣ್ಣು ತೋರಿಸಿದ್ದೀರಾ? ಬೋರ್ಡು ಮಸುಕಾಗಿ ಕಾಣುವ ಹುಡುಗ ಅದನ್ನು ಯಾರಿಗೂ ಹೇಳುವುದಿಲ್ಲ, ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿರುತ್ತಾನೆ.

ಭಾಷೆಯ ತೊಡಕು ಆಗಿದ್ದರೆ ಹೆಚ್ಚು ಹೆದರಬೇಕಿಲ್ಲ. ಏಳನೇ ತರಗತಿವರೆಗೆ ‘ದ್ಯುತಿಸಂಶ್ಲೇಷಣೆ’ ಎಂದು ಕಲಿತ ಹುಡುಗನ ಮುಂದೆ ಎಂಟರಲ್ಲಿ ‘ಫೋಟೋಸಿಂಥೆಸಿಸ್’ ಬಂದು ನಿಂತರೆ, ಅವನಿಗೆ ಗೊತ್ತಿರುವ ಪಾಠವೇ ಗೊತ್ತಿಲ್ಲದಂತೆ ಕಾಣುತ್ತದೆ. ಶಾಲೆ ರಾಜ್ಯ ಪಠ್ಯಕ್ರಮದ್ದಾಗಿದ್ದರೆ ಅದೇ ತರಗತಿಯ ಕನ್ನಡ ಮಾಧ್ಯಮದ ವಿಜ್ಞಾನ, ಸಮಾಜ, ಗಣಿತದ ಪುಸ್ತಕ ತಂದುಕೊಡಿ; ಪಾಠ ಪಾಠಕ್ಕೆ ಹೊಂದುತ್ತದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಬಿಟ್ಟಿಯಾಗಿಯೂ ಸಿಗುತ್ತದೆ. ನಾಳೆ ಇಂಗ್ಲಿಷಿನಲ್ಲಿ ನಡೆಯುವ ಪಾಠವನ್ನು ಇವತ್ತು ಕನ್ನಡದಲ್ಲಿ ಓದಿಕೊಂಡು ಹೋಗಲಿ. ದಿನಕ್ಕೆ ಐದೇ ಪದ, ಒಂದು ಕಡೆ ಕನ್ನಡ, ಒಂದು ಕಡೆ ಇಂಗ್ಲಿಷ್, ಒಂದು ಸಣ್ಣ ನೋಟ್‌ಬುಕ್. ಇಪ್ಪತ್ತು ಪದ ಬರೆಸಿದರೆ ನಾಲ್ಕನೇ ದಿನ ಪುಸ್ತಕವೇ ಕಾಣೆಯಾಗುತ್ತದೆ.

ಗಟ್ಟಿಯಾಗಿ ಓದುವ ಭಯಕ್ಕೆ ಕೌನ್ಸೆಲರ್ ಮಾಡುವ ಕೆಲಸದ ಬಹುಪಾಲು ಆ ಕೋಣೆಯ ಹೊರಗೇ ನಡೆಯುತ್ತದೆ. ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಇದು. ವಿಷಯ ಶಿಕ್ಷಕರ ಜೊತೆ ಕೂತು, ಎರಡು ವಾರ ಇವನನ್ನು ಏಳಿಸಿ ಓದಿಸಬೇಡಿ ಎಂದು ಒಪ್ಪಿಸುತ್ತಾರೆ. ಆ ಎರಡು ವಾರ ಹುಡುಗ ಕೌನ್ಸೆಲರ್ ಮುಂದೆ ಓದುತ್ತಾನೆ. ಮೂರನೇ ವಾರ ಅವನೇ ಆರಿಸಿದ ಇಬ್ಬರು ಗೆಳೆಯರ ಮುಂದೆ. ನಾಲ್ಕನೇ ವಾರ ತರಗತಿಯಲ್ಲಿ ಎರಡೇ ವಾಕ್ಯ, ಅದೂ ಯಾವ ವಾಕ್ಯ ಅಂತ ಹಿಂದಿನ ದಿನವೇ ಹೇಳಿರುತ್ತಾರೆ. ಆರನೇ ವಾರಕ್ಕೆ ಒಂದು ಪ್ಯಾರಾ. ಮೆಟ್ಟಿಲು ಹತ್ತಿದಂತೆ.

ಇದು ಕೆಡುವುದು ಎರಡು ಕಡೆ. ಒಂದು, ಟೀಚರ್ ಎಲ್ಲರ ಮುಂದೆ ‘ಇವನನ್ನು ಕೇಳಬೇಡಿ, ಕೌನ್ಸೆಲಿಂಗಿಗೆ ಹೋಗ್ತಾನೆ’ ಅಂದುಬಿಡುವುದು. ಆ ಒಂದು ಮಾತಿಗೆ ತಿಂಗಳ ಕೆಲಸ ನೀರುಪಾಲು. ಅದಕ್ಕೇ ಕೌನ್ಸೆಲರ್ ಶಿಕ್ಷಕರಿಗೆ ಹುಡುಗನ ಕಥೆ ಹೇಳುವುದಿಲ್ಲ, ಏನು ಮಾಡಬೇಕು ಎಂಬುದನ್ನಷ್ಟೇ ಹೇಳುತ್ತಾರೆ. ಇನ್ನೊಂದು, ವಿನಾಯಿತಿಯನ್ನೇ ಕಾಯಂ ಮಾಡಿಬಿಡುವುದು. ‘ಪಾಪ, ಮಗು ಹೆದರುತ್ತೆ, ಓದಿಸೋದೇ ಬೇಡ’ ಎಂದರೆ ಭಯ ಕರಗುವುದಿಲ್ಲ, ಬೇರು ಬಿಡುತ್ತದೆ.

ಮನೆಯಲ್ಲಿ ಉಳಿಸಿಕೊಳ್ಳುವುದಕ್ಕೂ ಇದೇ ಮಾತು ಹೊಂದುತ್ತದೆ. ಬಸ್ಸು ಹೋದ ಮೇಲೆ ಹತ್ತು ಗಂಟೆಗೆ ಹೊಟ್ಟೆನೋವು ಮಾಯ, ಅಲ್ಲವೆ? ನೋವು ಬಂತು, ಮನೆಯಲ್ಲಿ ಉಳಿದೆ, ನೋವು ಹೋಯಿತು ಎಂಬ ಲೆಕ್ಕವನ್ನು ದೇಹ ಬಹಳ ಬೇಗ ಕಲಿಯುತ್ತದೆ. ಜ್ವರ, ವಾಂತಿ ಇಲ್ಲದಿದ್ದರೆ ಮುಂದಿನ ಬಸ್ಸಿಗಾದರೂ ಹೊರಡಿಸಿ. ತಡವಾಗಿ ಬಂದರೂ ಗೇಟಿನಲ್ಲಿ ನಿಲ್ಲಿಸಿ ಬೈಯದೆ ನೇರ ಒಳಗೆ ಬಿಡಬೇಕು ಎಂದು ಶಾಲೆಯವರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ. ಉಳಿದೇಬಿಟ್ಟರೆ ಆ ದಿನ ಮೊಬೈಲ್, ಟಿ.ವಿ. ಶಾಲೆ ಬಿಡುವ ಹೊತ್ತಿನವರೆಗೆ ಬೇಡ. ಆದರೆ ಒಂದು ಷರತ್ತು: ಅಲ್ಲಿ ಯಾರಾದರೂ ಹೊಡೆಯುತ್ತಿದ್ದಾರೆ, ಪೀಡಿಸುತ್ತಿದ್ದಾರೆ ಎಂದು ಗೊತ್ತಾದರೆ ಮೊದಲು ಅದು ನಿಲ್ಲಬೇಕು, ಆಮೇಲೆ ಹುಡುಗನನ್ನು ಕಳಿಸುವ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ‘ಒಂದೇಟು ಹಾಕಿದರೆ ಸರಿಹೋಗ್ತಾನೆ’ ಎಂದು ಪೋಷಕರೇ ಅನುಮತಿ ಕೊಟ್ಟರೂ ಅದು ಕಾನೂನಿನ ಪ್ರಕಾರ ತಪ್ಪೇ.

ಕಲಿಕಾ ನ್ಯೂನತೆಯ ಅನುಮಾನ ಬಂದರೆ ಕೌನ್ಸೆಲರ್ ತಾವೇ ಹಾಗೆಂದು ತೀರ್ಪು ಕೊಡುವಂತಿಲ್ಲ, ಪರೀಕ್ಷೆಗೆ ಕಳಿಸಬೇಕು. ನಮ್ಮ ಭಾಗದವರ ಅದೃಷ್ಟ ಎಂದರೆ ಇದಕ್ಕಾಗಿ ಬೆಂಗಳೂರಿಗೆ ಓಡಬೇಕಾಗಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ (ಜನ ‘ಆಯಿಶ್’ ಅನ್ನುತ್ತಾರೆ) ಮಾತು, ಕಿವಿಯ ಜೊತೆಗೆ ಕಲಿಕೆಯ ತೊಂದರೆಯನ್ನೂ ನೋಡುತ್ತಾರೆ. ಒಂದೇ ದಿನದಲ್ಲಿ ಮುಗಿಯುತ್ತದೆ ಅಂದುಕೊಂಡು ಹೋಗಬೇಡಿ. ಹೋಗುವಾಗ ಎರಡು ವರ್ಷದ ಅಂಕಪಟ್ಟಿ, ಹುಡುಗನೇ ಬರೆದ ಕನ್ನಡ ಮತ್ತು ಇಂಗ್ಲಿಷ್ ನೋಟ್‌ಬುಕ್, ಉತ್ತರ ಪತ್ರಿಕೆ, ಕಣ್ಣಿನ ಡಾಕ್ಟರ ಚೀಟಿ ತೆಗೆದುಕೊಂಡು ಹೋಗಿ. ಟ್ಯೂಷನ್ ಮೇಷ್ಟ್ರು ತಿದ್ದಿ ಬರೆಸಿದ ಅಂದವಾದ ನೋಟ್ಸು ಅಲ್ಲಿ ಪ್ರಯೋಜನಕ್ಕೆ ಬಾರದು, ತಪ್ಪುಗಳೇ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರ ಸಿಕ್ಕರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರ ಸಹಾಯ ಇಂಥ ಸೌಲಭ್ಯಗಳಿಗೆ ಶಾಲೆಯ ಮೂಲಕ ಅರ್ಜಿ ಹಾಕಬಹುದು. ಹತ್ತನೇ ತರಗತಿಯ ಜನವರಿಯಲ್ಲಿ ಎಚ್ಚರವಾದರೆ ಕೈಮೀರಿರುತ್ತದೆ. ಒಂಬತ್ತರಲ್ಲೇ ಆಗಬೇಕಾದ ಕೆಲಸ ಇದು.

ಗುಟ್ಟಿನ ವಿಷಯಕ್ಕೆ ಬರೋಣ, ಅಪ್ಪ ಅಮ್ಮಂದಿರಿಗೆ ನುಂಗಲು ಕಷ್ಟವಾಗುವುದು ಇಲ್ಲೇ. ಕೌನ್ಸೆಲರ್ ನಿಮಗೆ ಎಲ್ಲವನ್ನೂ ಹೇಳುವುದಿಲ್ಲ. ಮಗ ಯಾವ ಹುಡುಗಿಯ ಬಗ್ಗೆ ಮಾತಾಡಿದ, ಮನೆಯ ಜಗಳದ ಬಗ್ಗೆ ಏನಂದ ಎಂದು ಕೇಳಿದರೂ ಹೇಳಬಾರದು. ಹೇಳಿದರೆ ಹುಡುಗ ಮುಂದಿನ ವಾರ ಬಾಯಿಬಿಡುವುದಿಲ್ಲ. ಲೈಂಗಿಕ ದೌರ್ಜನ್ಯದ ವಿಷಯ ಬಂದರೆ ಮಾತ್ರ ಗುಟ್ಟಿನ ಪ್ರಶ್ನೆಯೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ‘ಶಾಲೆಯ ಹೆಸರು ಕೆಡುತ್ತದೆ, ಒಳಗೊಳಗೇ ಮುಗಿಸೋಣ’ ಎಂದು ಹೇಳುವ ಅಧಿಕಾರ ಹೆಡ್‌ಮಾಸ್ಟರಿಗೂ ಇಲ್ಲ, ಆಡಳಿತ ಮಂಡಳಿಗೂ ಇಲ್ಲ.

ಸಾಯುವ ಮಾತು ಬಂದರೂ ಅಷ್ಟೇ. ‘ಬದುಕು ಸಾಕು ಅನ್ನಿಸುತ್ತಾ?’ ಎಂದು ಕೌನ್ಸೆಲರ್ ನೇರವಾಗಿಯೇ ಕೇಳುತ್ತಾರೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದಾಗ ಎಷ್ಟೋ ಮಕ್ಕಳು ಹಗುರಾಗುತ್ತಾರೆ. ಹೌದು ಎಂದರೆ ಆ ದಿನವೇ ನಿಮಗೆ ಫೋನ್ ಬರುತ್ತದೆ, ನೀವು ಬರುವವರೆಗೆ ಮಗುವನ್ನು ಒಂಟಿಯಾಗಿ ಬಿಡುವುದಿಲ್ಲ. ಅಂಥ ಫೋನ್ ಬಂದರೆ ನೀವು ಮೊದಲು ಮಾಡಬೇಕಾದದ್ದು ಮನೆಯಲ್ಲಿರುವ ಗದ್ದೆಯ ಔಷಧಿ, ಕೀಟನಾಶಕದ ಡಬ್ಬಿಗಳನ್ನೆಲ್ಲ ಮನೆಯಿಂದ ಹೊರಗೆ, ಬೀಗದೊಳಗೆ ಇಡುವುದು. ಕಬ್ಬು, ಭತ್ತ ಬೆಳೆಯುವ ಮನೆಗಳಲ್ಲಿ ಅವು ಜಗಲಿಯ ಮೂಲೆಯಲ್ಲೋ ಅಟ್ಟದ ಮೇಲೋ ಇರುತ್ತವೆ. ನಿಜ ಹೇಳಬೇಕೆಂದರೆ ಅಂಥ ಫೋನ್ ಬರುವವರೆಗೆ ಕಾಯಬೇಕಾಗಿಯೂ ಇಲ್ಲ, ಇವತ್ತೇ ಮಾಡಬಹುದು. ಹಗಲು ರಾತ್ರಿ ಯಾವಾಗ ಬೇಕಾದರೂ 14416ಕ್ಕೆ (ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ಬಿಟ್ಟಿಯಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.

ಕೌನ್ಸೆಲರ್ ಡಾಕ್ಟರ್ ಅಲ್ಲ, ಮಾತ್ರೆ ಬರೆಯುವುದಿಲ್ಲ. ನಿದ್ದೆ, ಊಟ, ಆಟ ಮೂರೂ ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಟ್ಟಿದ್ದರೆ ಮನೋವೈದ್ಯರ ಹತ್ತಿರ ಹೋಗಿ ಎನ್ನುತ್ತಾರೆ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಮಿಮ್ಸ್‌ನಲ್ಲೂ ಮನೋವೈದ್ಯ ವಿಭಾಗ ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆಯೂ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಿಳಿಯುತ್ತದೆ.

ಎಲ್ಲ ಕೌನ್ಸೆಲರೂ ಒಂದೇ ಮಟ್ಟದವರಲ್ಲ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮನಃಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ., ಇಲ್ಲವೆ ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ. ಮಾಡಿ ಮಕ್ಕಳ ಜೊತೆ ಕೆಲಸ ಮಾಡಲು ತರಬೇತಿ ಪಡೆದವರು ಇರುತ್ತಾರೆ. ಶಿಕ್ಷಕರಿಗಾಗಿಯೇ ಎನ್‌ಸಿಇಆರ್‌ಟಿಯ (ಕೇಂದ್ರ ಸರ್ಕಾರದ ಶಾಲಾ ಶಿಕ್ಷಣ ಸಂಸ್ಥೆ) ಮಾರ್ಗದರ್ಶನ ಮತ್ತು ಸಮಾಲೋಚನೆ ಡಿಪ್ಲೊಮಾ ಇದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದರ ಅಧ್ಯಯನ ಕೇಂದ್ರಗಳಲ್ಲಿ ಒಂದು. ಎರಡು ದಿನದ ಶಿಬಿರದ ಸರ್ಟಿಫಿಕೇಟ್ ಗೋಡೆಗೆ ಹಾಕಿ ಕೂತವರೂ ಇದ್ದಾರೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಸಮಾಲೋಚಕರೋ ಮನಃಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಒಬ್ಬರಾದರೂ ಇರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಹಾಗಾಗಿ ‘ನೀವು ಏನು ಓದಿದ್ದೀರಿ, ವಾರಕ್ಕೆ ಎಷ್ಟು ದಿನ ಬರುತ್ತೀರಿ, ನನ್ನ ಮಗನನ್ನು ಎಷ್ಟು ದಿನಕ್ಕೊಮ್ಮೆ ನೋಡುತ್ತೀರಿ?’ ಎಂದು ಸಂಕೋಚವಿಲ್ಲದೆ ಕೇಳಿ. ಗಣಿತ ಪಾಠ ಮಾಡುವವರೇ ಕೌನ್ಸೆಲರ್ ಕೂಡ ಆಗಿದ್ದು, ಹುಡುಗನ ಭಯ ಇರುವುದೂ ಗಣಿತದ ಪೀರಿಯಡ್ಡಿನಲ್ಲೇ ಆದರೆ ಬೇರೆಯವರನ್ನು ಕೇಳಬೇಕಾಗುತ್ತದೆ.

ಕೆಲಸ ಸರಿಯಾಗಿ ನಡೆಯುತ್ತಿಲ್ಲ ಎನ್ನುವುದಕ್ಕೆ ಒಂದು ಗುರುತು ಹೇಳುತ್ತೇನೆ. ಕೌನ್ಸೆಲರ್ ಹುಡುಗನನ್ನು ಕೂರಿಸಿಕೊಂಡು ‘ನಿಮ್ಮಪ್ಪ ಬಿಸಿಲಲ್ಲಿ ಎಷ್ಟು ಕಷ್ಟಪಡ್ತಾರೆ ಗೊತ್ತಾ?’ ಎಂದು ಭಾಷಣ ಶುರುಮಾಡಿದರೆ ಅದು ಕೌನ್ಸೆಲಿಂಗ್ ಅಲ್ಲ, ಬುದ್ಧಿವಾದ. ಅದು ಹುಡುಗನಿಗೆ ಮೊದಲೇ ಗೊತ್ತಿದೆ. ಗೊತ್ತಿರುವುದಕ್ಕೇ ಅವನು ‘ನನಗೆ ಇಂಗ್ಲಿಷ್ ಅರ್ಥವಾಗುತ್ತಿಲ್ಲ’ ಎಂಬ ಸತ್ಯವನ್ನು ಮನೆಯಲ್ಲಿ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿರುವುದು. ಯಜಮಾನರಿಗೂ ಇದನ್ನು ಮೆಲ್ಲಗೆ ಹೇಳಿ: ‘ಕಬ್ಬಿನ ಬಿಲ್ಲು ಇನ್ನೂ ಬಂದಿಲ್ಲ, ಸಾಲ ಮಾಡಿ ನಿನ್ನ ಫೀಸು ಕಟ್ಟಿದ್ದೀನಿ’ ಎಂಬ ಮಾತು ಬೆಳಿಗ್ಗೆ ತಿಂಡಿ ಹೊತ್ತಿಗಂತೂ ಬೇಡ.

ಕೌನ್ಸೆಲರನ್ನು ಕಂಡು ಬಂದ ಸಂಜೆ ‘ಏನ್ ಕೇಳಿದ್ರು? ನೀನೇನಂದೆ? ನಮ್ಮ ಬಗ್ಗೆ ಏನಾದ್ರೂ ಹೇಳಿದ್ಯಾ?’ ಎಂದು ಮುತ್ತಿಗೆ ಹಾಕಬೇಡಿ. ‘ಹೇಳಬೇಕು ಅನ್ನಿಸಿದಾಗ ಹೇಳು ಮಗ, ಈಗ ಊಟ ಮಾಡು’ ಅಂದರೆ ಸಾಕು. ನೀವು ಮಾಡಬಹುದಾದ ಇನ್ನೊಂದು ಉಪಕಾರ ನಿದ್ದೆಯದ್ದು. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬಸ್ಸಿಗಾಗಿ ಐದೂವರೆಗೆ ಏಳುವ ಹುಡುಗ ಒಂಬತ್ತೂವರೆಗೆ ಮಲಗಿದರೆ ಎಂಟು ಗಂಟೆ ಆಗುತ್ತದೆ. ಟ್ಯೂಷನ್ ಮುಗಿಸಿ ಒಂಬತ್ತಕ್ಕೆ ಮನೆ ಸೇರುವಂತಿದ್ದರೆ ಲೆಕ್ಕ ಕೂಡುವುದಿಲ್ಲ. ಸದ್ಯಕ್ಕೆ ಟ್ಯೂಷನ್ ಬಿಡಿಸುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಪೋಷಕರನ್ನು ಕರೆದಾಗ ಇಬ್ಬರೂ ಹೋಗಿ. ಅಷ್ಟರೊಳಗೆ ಎರಡು ವಾರ ಹಳೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ: ತಾರೀಖು, ನೋವು ಶುರುವಾದ ಹೊತ್ತು, ನಿಂತ ಹೊತ್ತು, ಹಿಂದಿನ ರಾತ್ರಿ ಎಷ್ಟಕ್ಕೆ ಮಲಗಿದ, ಶಾಲೆಗೆ ಹೋದನೋ ಇಲ್ಲವೋ. ನಾಲ್ಕು ವರ್ಷದ ಕಥೆಗಿಂತ ಈ ಒಂದು ಹಾಳೆ ಕೌನ್ಸೆಲರಿಗೆ ಹೆಚ್ಚು ಉಪಯೋಗ. ಆರರಿಂದ ಎಂಟು ವಾರವಾದ ಮೇಲೆ ಮತ್ತೆ ಕೂತಾಗ ‘ಸ್ವಲ್ಪ ಪರವಾಗಿಲ್ಲ’ ಎಂಬ ಉತ್ತರಕ್ಕೆ ತಲೆಯಾಡಿಸಿ ಎದ್ದು ಬರಬೇಡಿ. ತಪ್ಪಿದ ಸೋಮವಾರ, ಗುರುವಾರ ಆಗ ಎಷ್ಟಿದ್ದವು, ಈಗ ಎಷ್ಟಿವೆ ಎಂದು ಎಣಿಸಿ. ಅಂಕ ಏರುವುದು ಹಾಜರಾತಿ ಸರಿಹೋದ ಮೇಲೆ, ಅದಕ್ಕೆ ಇನ್ನಷ್ಟು ದಿನ ಹಿಡಿಯುತ್ತದೆ.

ಡೈರಿಯಲ್ಲಿ ಸಹಿ ಮಾತ್ರ ಹಾಕಿ ಕಳಿಸಬೇಡಿ. ಮೇಲೆ ಎರಡು ಸಾಲು ಬರೆಯಿರಿ, ಕನ್ನಡದಲ್ಲೇ: ‘ಒಪ್ಪಿಗೆ ಇದೆ. ಹೊಟ್ಟೆನೋವು ಸೋಮವಾರ, ಗುರುವಾರ ಮಾತ್ರ ಬರುತ್ತದೆ, ಆ ದಿನದ ಟೈಮ್‌ಟೇಬಲ್ ನೋಡಬೇಕು. ದಯವಿಟ್ಟು ತರಗತಿಯಲ್ಲಿ ಎಲ್ಲರ ಮುಂದೆ ಕರೆಯಬೇಡಿ, ಚೀಟಿ ಕೊಟ್ಟು ಕರೆಸಿ.’